ಜೀವಾವಧಿ ಶಿಕ್ಷೆ: ಭರವಸೆ ಮತ್ತು ಋಣ

ಒಂದು ಜೀವ ತೆಗೆದ ಅಪರಾಧಕ್ಕೆ ಉಳಿದ ಆಯುಷ್ಯವನ್ನೆಲ್ಲ ಜೈಲಿನಲ್ಲಿ ಕಳೆಯಬೇಕಾದವರು ಯಾವುದನ್ನು ನಂಬಿ ಬದುಕಬೇಕು ಎಂಬ ಪ್ರಶ್ನೆಯನ್ನು ಕಾನೂನು, ಧರ್ಮ ಮತ್ತು ತತ್ತ್ವಚಿಂತನೆ ಮೂರೂ ಬೇರೆಬೇರೆ ಕಡೆಯಿಂದ ಎದುರಿಸಿವೆ. ಕಾನೂನು ಬಿಡುಗಡೆಯ ಸಾಧ್ಯತೆಯನ್ನು ಲೆಕ್ಕ ಹಾಕುತ್ತದೆ. ಧರ್ಮ ಪಾಪ ಮತ್ತು ಪ್ರಾಯಶ್ಚಿತ್ತದ ಮಾತಾಡುತ್ತದೆ. ಮುಂದಿನ ದಿನಗಳ ಮೇಲೆ ಹಿಡಿತವೇ ಇಲ್ಲದ ಮನುಷ್ಯನ ಬದುಕಿಗೆ ಅರ್ಥ ಉಂಟೇ ಎಂದು ತತ್ತ್ವಚಿಂತನೆ ಕೇಳುತ್ತದೆ. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಈ ಮೂರು ಪ್ರಶ್ನೆಗಳಿಗೂ ನೆಲದ ಆಧಾರವಿದೆ. ಇಲ್ಲಿನ ಜನರನ್ನು ಆಜೀವ ಗಡೀಪಾರು ಮಾಡಿದ ಚರಿತ್ರೆ ಇದೆ. ಸೆರೆವಾಸವನ್ನು ಹಾಡಿದ ಪಾಡ್ದನ (ತುಳು ಜನಪದ ಕಥನಗೀತೆ) ಇದೆ. ಕೊಂದವನು ಕೊಲ್ಲಲ್ಪಟ್ಟ ಜೀವಕ್ಕೆ ಏನು ಸಲ್ಲಿಸಬೇಕು ಎಂದು ಹೇಳುವ ಆಚರಣೆಯೂ ಇದೆ.

ಕಾನೂನಿನ ಚೌಕಟ್ಟು

ಜೀವಾವಧಿ ಶಿಕ್ಷೆ ಎಂದರೆ ಹದಿನಾಲ್ಕು ವರ್ಷ ಎಂಬ ನಂಬಿಕೆ ಊರುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ಸರಿಯಲ್ಲ. ಜೀವಾವಧಿ ಎಂದರೆ ಕೈದಿಯ ಸಹಜ ಆಯುಷ್ಯ ಮುಗಿಯುವ ತನಕ ಎಂದು ಸುಪ್ರೀಂ ಕೋರ್ಟ್ 1961ರಲ್ಲಿ ಗೋಪಾಲ ವಿನಾಯಕ ಗೋಡ್ಸೆ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹದಿನಾಲ್ಕರ ಸಂಖ್ಯೆ ಬಂದದ್ದು ಬೇರೆ ಕಡೆಯಿಂದ. ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವರನ್ನು ಕನಿಷ್ಠ 14 ವರ್ಷ ಜೈಲಿನಲ್ಲಿ ಕಳೆಯದೆ ಬಿಡುಗಡೆ ಮಾಡಕೂಡದೆಂಬ ನಿಯಮ 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಕಲಮಿನ ಮೂಲಕ ಸೇರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಮು ಅದನ್ನೇ ಮುಂದುವರಿಸಿದೆ. ಹದಿನಾಲ್ಕು ವರ್ಷ ಕಳೆದರೆ ಬಿಡುಗಡೆಗೆ ಅರ್ಜಿ ಪರಿಶೀಲಿಸಬಹುದು, ಅಷ್ಟೆ. ಬಿಡುಗಡೆ ಕೈದಿಯ ಹಕ್ಕಾಗುವುದಿಲ್ಲ. ಸಂವಿಧಾನದ 72 ಮತ್ತು 161ನೇ ವಿಧಿಗಳಡಿ ರಾಷ್ಟ್ರಪತಿ ಹಾಗೂ ರಾಜ್ಯಪಾಲರಿಗೆ ಇರುವ ಕ್ಷಮಾದಾನದ ಅಧಿಕಾರ ಇದರ ಹೊರಗಿನದು.

ಕರ್ನಾಟಕದ ಒಂದು ಪ್ರಕರಣ ಈ ಶಿಕ್ಷೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಬೆಂಗಳೂರಿನ ಕೊಲೆಯೊಂದಕ್ಕೆ ಸಂಬಂಧಿಸಿದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಗಲ್ಲುಶಿಕ್ಷೆಯನ್ನು ಬದಲಿಸಿ, ಶಿಕ್ಷೆ ಕಡಿತದ ಸೌಲಭ್ಯವಿಲ್ಲದೆ ಆಯುಷ್ಯ ಪೂರ್ತಿ ಜೈಲಿನಲ್ಲಿರಬೇಕು ಎಂದು ಆದೇಶಿಸಿತು. ಇಂಥ ಶಿಕ್ಷೆ ಕೊಡಲು ಉನ್ನತ ನ್ಯಾಯಾಲಯಗಳಿಗೆ ಅಧಿಕಾರವಿದೆಯೆಂದು 2015ರಲ್ಲಿ ಸಂವಿಧಾನ ಪೀಠವೂ ಒಪ್ಪಿತು. ಯುರೋಪಿನ ನ್ಯಾಯಾಲಯಗಳು ಬೇರೆ ದಿಕ್ಕು ಹಿಡಿದಿವೆ. ಎಂದಾದರೂ ಹೊರಬರುವ ಸಾಧ್ಯತೆಯನ್ನು ಪೂರ್ತಿ ಅಳಿಸುವುದು ಮನುಷ್ಯನ ಘನತೆಗೆ ಒಗ್ಗದು ಎಂದು ಜರ್ಮನಿಯ ಸಂವಿಧಾನ ನ್ಯಾಯಾಲಯ 1977ರಲ್ಲಿ ಹೇಳಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2013ರ ವಿಂಟರ್ ತೀರ್ಪಿನಲ್ಲಿ ಪುನರ್ವಿಮರ್ಶೆಗೆ ಅವಕಾಶವಿಲ್ಲದ ಆಜೀವ ಸೆರೆಯನ್ನು ಅಮಾನವೀಯ ಎಂದಿತು.

ಈ ಸೀಮೆಯ ಕೊಲೆ ಪ್ರಕರಣಗಳ ವಿಚಾರಣೆ ಪುತ್ತೂರಿನಲ್ಲಿರುವ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯದಲ್ಲಿ ನಡೆಯುತ್ತದೆ. ವಿಚಾರಣಾಧೀನ ಕೈದಿಗಳು ಮಂಗಳೂರಿನ ಕೊಡಿಯಾಲ್‌ಬೈಲಿನ ಜಿಲ್ಲಾ ಕಾರಾಗೃಹದಲ್ಲಿರುತ್ತಾರೆ. ದೀರ್ಘ ಶಿಕ್ಷೆಯಾದವರ ಜಾಗ ಮೈಸೂರು, ಬೆಂಗಳೂರು, ಬಳ್ಳಾರಿ, ಬೆಳಗಾವಿಯಂಥ ಊರುಗಳ ಕೇಂದ್ರ ಕಾರಾಗೃಹ. ಸುಳ್ಯದ ತೋಟದ ಮನೆಯಿಂದ ಮೈಸೂರಿಗೆ ಹೋಗಬೇಕಾದರೆ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ದಾಟಬೇಕು. ಕೂಲಿಯಿಂದಲೇ ಬದುಕುವ ಮನೆಯವರಿಗೆ ಒಂದು ಭೇಟಿ ಎಂದರೆ ದಿನದ ದುಡಿಮೆಯೂ ಬಸ್ಸಿನ ಖರ್ಚೂ ಹೋದಂತೆ. ವರ್ಷ ಕಳೆದಂತೆ ಭೇಟಿ ವಿರಳವಾಗುತ್ತದೆ. ಜೀವಾವಧಿ ಕೈದಿಯ ಮೊದಲ ನಷ್ಟ ಸ್ವಾತಂತ್ರ್ಯವಾದರೆ, ನಿಧಾನವಾಗಿ ಬರುವ ಎರಡನೆಯ ನಷ್ಟ ಈ ನಂಟುಗಳದು.

ಅಮರ ಸುಳ್ಯದಿಂದ ಕಡಲಾಚೆಗೆ

ಇಂದಿನ ಜೀವಾವಧಿ ಶಿಕ್ಷೆಯ ಹಿಂದಿನ ರೂಪ ಕಡಲಾಚೆಯ ಗಡೀಪಾರು. ಜನ ಅದನ್ನು ಕರಿನೀರಿನ ಶಿಕ್ಷೆ ಎಂದರು. ಸುಳ್ಯ ಸೀಮೆಗೆ ಇದರ ನೇರ ಅನುಭವವಿದೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ, ಅದುವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ ಮತ್ತು ಪುತ್ತೂರು ಭಾಗಗಳನ್ನು ಕೆನರಾ ಜಿಲ್ಲೆಗೆ ಜೋಡಿಸಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕಾಗಿ ಬಂದದ್ದು ರೈತರನ್ನು ಕೆರಳಿಸಿತು. 1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳ್ತನದಲ್ಲಿ ರೈತರು ಎದ್ದರು. ಪುಟ್ಟಬಸಪ್ಪನನ್ನು ಕೊಡಗಿನ ಅರಸು ಮನೆತನದ ಕಲ್ಯಾಣಸ್ವಾಮಿ ಎಂದು ಮುಂದಿಟ್ಟುಕೊಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರು ತಲುಪಿ ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ಕೆಲವೇ ದಿನಗಳಲ್ಲಿ ಕಂಪೆನಿಯ ಸೇನೆ ದಂಗೆಯನ್ನು ಅಡಗಿಸಿತು. ಕಲ್ಯಾಣಸ್ವಾಮಿ, ಲಕ್ಷ್ಮಪ್ಪ ಬಂಗ ಮುಂತಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಇನ್ನು ಕೆಲವರಿಗೆ ಆಜೀವ ಗಡೀಪಾರು ವಿಧಿಸಲಾಯಿತು.

ಮದ್ರಾಸ್ ಪ್ರಾಂತ್ಯದ ಇಂಥ ಕೈದಿಗಳನ್ನು ಆ ಕಾಲದಲ್ಲಿ ಸಾಮಾನ್ಯವಾಗಿ ಪಿನಾಂಗ್, ಮಲಕ್ಕಾ, ಸಿಂಗಾಪುರಗಳಿಗೆ ಸಾಗಿಸುತ್ತಿದ್ದರು. ಕಡಲು ದಾಟಿದವನು ಜಾತಿ, ಕುಲ, ಶ್ರಾದ್ಧದ ಹಕ್ಕು ಎಲ್ಲವನ್ನೂ ಕಳೆದುಕೊಂಡನೆಂದು ಊರಿನವರು ಎಣಿಸುತ್ತಿದ್ದ ಕಾಲ ಅದು. ಬದುಕಿದ್ದೂ ಅವನು ಸತ್ತವರ ಲೆಕ್ಕ. ಆದರೂ ಸಿಂಗಾಪುರದ ಜೈಲುವ್ಯವಸ್ಥೆ ಒಂದು ದಾರಿಯನ್ನು ತೆರೆದಿಟ್ಟಿತ್ತು. ಕೈದಿಗಳನ್ನು ದರ್ಜೆಗಳಾಗಿ ವಿಂಗಡಿಸಿ, ಸನ್ನಡತೆ ತೋರಿದವರನ್ನು ಮೇಲಿನ ದರ್ಜೆಗೆ ಏರಿಸಲಾಗುತ್ತಿತ್ತು. ಅವರಲ್ಲೇ ಕೆಲವರನ್ನು ಉಳಿದವರ ಮೇಲ್ವಿಚಾರಕರನ್ನಾಗಿ ನೇಮಿಸಲಾಗುತ್ತಿತ್ತು. ಬಹಳ ವರ್ಷಗಳ ನಂತರ ಪರವಾನಗಿಯ ಮೇಲೆ ಹೊರಗೆ ದುಡಿದು ಬಾಳಲು ಬಿಡುತ್ತಿದ್ದರು. ಅಲ್ಲಿನ ಅಧಿಕಾರಿ ಮೆಕ್‌ನೇರ್ 1899ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ವ್ಯವಸ್ಥೆಯನ್ನು ವಿವರಿಸಿದ್ದಾನೆ. ಸಿಂಗಾಪುರದ ರಸ್ತೆಗಳನ್ನೂ ಸೇಂಟ್ ಆಂಡ್ರೂಸ್ ಕೆಥೆಡ್ರಲನ್ನೂ ಕಟ್ಟಿದವರು ಭಾರತದಿಂದ ಹೋದ ಕೈದಿಗಳೇ. ಭಾರತದ ಕಾನೂನಿನಲ್ಲಿ ಗಡೀಪಾರಿನ ಜಾಗಕ್ಕೆ ಜೀವಾವಧಿ ಕಾರಾಗೃಹವಾಸ ಬಂದದ್ದು 1956ರ ಜನವರಿ 1ರಂದು.

ಅಮರ ಸುಳ್ಯದ ಕೈದಿಗಳಿಗೂ ಇಂದಿನ ಜೀವಾವಧಿ ಕೈದಿಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ತಾವು ಮಾಡಿದ್ದು ನ್ಯಾಯ ಎಂಬ ನಂಬಿಕೆ ಅವರ ಜೊತೆಗಿತ್ತು. ಊರು ಅವರನ್ನು ಮರೆಯಲಿಲ್ಲ. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಿತು. ಜಾಗದ ಗಡಿಯ ಜಗಳದಲ್ಲೋ ಕುಡಿತದ ಅಮಲಿನಲ್ಲೋ ಹಳೆಯ ಹಗೆಯಿಂದಲೋ ಒಬ್ಬರನ್ನು ಕೊಂದವರಿಗೆ ಅಂಥ ಆಸರೆ ಇಲ್ಲ. ಅವರ ಪಾಲಿಗೆ ಸೆರೆಯ ಭಾರದ ಜೊತೆ ಅಪರಾಧದ ಭಾರವೂ ಸೇರಿಕೊಳ್ಳುತ್ತದೆ. ಭರವಸೆಯ ಪ್ರಶ್ನೆ ನಿಜವಾಗಿ ಕಠಿಣವಾಗುವುದು ಇವರ ವಿಷಯದಲ್ಲಿ.

ಎರಡು ಬಗೆಯ ಭರವಸೆ

ಜೀವಾವಧಿ ಕೈದಿಗಳ ಭರವಸೆಯಲ್ಲಿ ಎರಡು ಬಗೆಯನ್ನು ಗುರುತಿಸಬಹುದು. ಮೊದಲನೆಯದು ಬಿಡುಗಡೆಯ ಭರವಸೆ. ಮೇಲ್ಮನವಿ, ಪೆರೋಲ್, ಸ್ವಾತಂತ್ರ್ಯ ದಿನ ಅಥವಾ ಗಣರಾಜ್ಯ ದಿನದ ಸಂದರ್ಭದ ಸನ್ನಡತೆ ಬಿಡುಗಡೆಯ ಪಟ್ಟಿ ಇವುಗಳ ಸುತ್ತ ಅದು ಬೆಳೆಯುತ್ತದೆ. ಇದು ಸಹಜ, ಬೇಕಾದದ್ದು ಕೂಡ. ಆದರೆ ಇದರ ಕೀಲಿ ಬೇರೆಯವರ ಕೈಯಲ್ಲಿದೆ. ಪಟ್ಟಿಯಲ್ಲಿ ಹೆಸರು ಬರದ ವರ್ಷ ಅದು ಕುಸಿಯುತ್ತದೆ. ಇದೊಂದನ್ನೇ ನೆಚ್ಚಿದವರಿಗೆ ಜೈಲಿನ ದಿನಗಳು ಕಾಯುವಿಕೆಯಲ್ಲೇ ಸವೆಯುತ್ತವೆ.

ಎರಡನೆಯದು ತಾನು ಬೇರೆಯಾಗಬಲ್ಲೆ, ತನ್ನಿಂದ ಇನ್ನೂ ಯಾರಿಗಾದರೂ ಒಳಿತಾಗಬಲ್ಲದು ಎಂಬ ಭರವಸೆ. ಗೇಟು ತೆರೆದರೂ ತೆರೆಯದಿದ್ದರೂ ಇದಕ್ಕೆ ಕೆಲಸವಿದೆ. ನಾಜಿ ಯಾತನಾಶಿಬಿರಗಳಲ್ಲಿ ಬದುಕುಳಿದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ 1946ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬದುಕಿಗೆ ಅರ್ಥ ಸಿಗುವ ಮೂರು ನೆಲೆಗಳನ್ನು ತೋರಿಸಿದ: ಮಾಡುವ ಕೆಲಸ, ಇನ್ನೊಬ್ಬರ ಮೇಲಿನ ಪ್ರೀತಿ, ತಪ್ಪಿಸಿಕೊಳ್ಳಲಾಗದ ಸಂಕಟವನ್ನು ಎದುರಿಸುವ ನಿಲುವು. ಫ್ರಾಂಕ್ಲ್ ಮತ್ತು ಅವನ ಜೊತೆಗಿದ್ದ ಸೆರೆಯಾಳುಗಳು ನಿರಪರಾಧಿಗಳು. ಕೊಲೆಗಾರನ ಸ್ಥಿತಿಯನ್ನು ಅದರೊಂದಿಗೆ ಸಮ ಮಾಡುವಂತಿಲ್ಲ. ಈ ಅಂತರ ಫ್ರಾಂಕ್ಲ್‌ಗೂ ತಿಳಿದಿತ್ತು. ನೋವು ಮತ್ತು ಸಾವಿನ ಸಾಲಿಗೆ ಅವನು ಅಪರಾಧದ ಅರಿವನ್ನೂ ಸೇರಿಸಿದ. ತಾನು ಬದಲಾಗಲು ಮನುಷ್ಯನಿಗೆ ಅದು ಅವಕಾಶವಾಗಬಲ್ಲದು ಎಂದ.

ಪುತ್ತೂರಿನಲ್ಲಿ ದೀರ್ಘಕಾಲ ಬಾಳಿದ ಶಿವರಾಮ ಕಾರಂತರ ‘ಅಳಿದ ಮೇಲೆ’ ಕಾದಂಬರಿ ಇದೇ ಪ್ರಶ್ನೆಯನ್ನು ಋಣದ ಕಡೆಯಿಂದ ನೋಡುತ್ತದೆ. ಅದರಲ್ಲಿ ತೀರಿಹೋದ ಯಶವಂತ ಎಂಬವನ ಬದುಕನ್ನು ನಿರೂಪಕ ಹುಡುಕುತ್ತ ಹೋಗಿ, ಅವನು ಯಾರಿಂದ ಏನು ಪಡೆದ, ಯಾರಿಗೆ ಏನು ಕೊಡುವುದು ಉಳಿಯಿತು ಎಂದು ತಿಳಿಯುತ್ತಾನೆ. ಬದುಕನ್ನು ಕೊಟ್ಟು ಪಡೆದ ಲೆಕ್ಕವಾಗಿ ಕಾಣುವ ಈ ನೋಟ ಜೀವಾವಧಿ ಕೈದಿಗೆ ತೀಕ್ಷ್ಣವಾಗಿ ಅನ್ವಯಿಸುತ್ತದೆ. ತೆಗೆದ ಜೀವವನ್ನು ಮರಳಿ ಕೊಡಲು ಯಾರಿಂದಲೂ ಆಗದು. ಆ ಋಣ ತೀರುವಂಥದ್ದಲ್ಲ. ಆದರೆ ತೀರದ ಋಣವನ್ನು ಒಪ್ಪಿಕೊಂಡು ಸಲ್ಲಿಸುತ್ತ ಹೋಗುವುದಕ್ಕೂ, ಋಣವೇ ಇಲ್ಲವೆಂದು ಮುಖ ತಿರುಗಿಸುವುದಕ್ಕೂ ದೊಡ್ಡ ಅಂತರವಿದೆ. ಎರಡನೆಯ ಬಗೆಯ ಭರವಸೆ ಹುಟ್ಟುವುದು ಆ ಒಪ್ಪಿಗೆಯಿಂದ.

ತಪ್ಪು ಮಾಡದೆಯೇ ಶಿಕ್ಷೆಗೊಳಗಾದವರೂ ಜೈಲುಗಳಲ್ಲಿರಬಹುದು. ಅವರಿಂದ ಪಶ್ಚಾತ್ತಾಪ ನಿರೀಕ್ಷಿಸುವುದೇ ಅನ್ಯಾಯ. ಅವರ ಭರವಸೆಗೆ ಆಧಾರ ಸತ್ಯ ಹೊರಬರುತ್ತದೆಂಬ ನಂಬಿಕೆ ಮತ್ತು ಮೇಲ್ಮನವಿಯ ಹಕ್ಕು. ಬಡವರಿಗೂ ಒಳ್ಳೆಯ ವಕೀಲರ ಉಚಿತ ನೆರವು ಸಿಗಬೇಕಾದದ್ದು ಇದಕ್ಕಾಗಿಯೇ.

ಈ ಸೀಮೆಯ ಧರ್ಮಗಳು ಹೇಳುವುದು

ಇಂದು ಕಡಬ ತಾಲೂಕಿಗೆ ಸೇರಿರುವ ಕುಕ್ಕೆ ಸುಬ್ರಹ್ಮಣ್ಯದ ಪ್ರಸಿದ್ಧ ಸೇವೆಗಳಲ್ಲಿ ಸರ್ಪಸಂಸ್ಕಾರ ಒಂದು. ತಿಳಿದೋ ತಿಳಿಯದೆಯೋ ಹಾವನ್ನು ಕೊಂದ ದೋಷ ತನಗೆ ಅಥವಾ ತನ್ನ ಮನೆತನಕ್ಕೆ ಇದೆಯೆಂದು ನಂಬಿದವರು ಇದನ್ನು ಮಾಡಿಸುತ್ತಾರೆ. ಸತ್ತ ಹಾವಿಗೆ ಮನುಷ್ಯರಿಗೆ ಮಾಡುವಂತೆಯೇ ಅಂತ್ಯಕ್ರಿಯೆ ನಡೆಯುತ್ತದೆ. ಕರ್ತೃ ಬಂಧುವಿನ ಸಾವಿನಲ್ಲಿ ಪಾಲಿಸುವಂಥ ನಿಯಮಗಳನ್ನು ಪಾಲಿಸುತ್ತಾನೆ. ಇದರೊಳಗಿನ ವಿಚಾರ ಗಮನಿಸಬೇಕಾದದ್ದು. ಕೊಂದವನು ಕೊಲ್ಲಲ್ಪಟ್ಟ ಜೀವಕ್ಕೆ ಬಂಧುವಾಗಬೇಕು, ಅದರ ಉತ್ತರಕ್ರಿಯೆಯ ಹೊಣೆ ಹೊರಬೇಕು. ಕ್ಷಮೆ ಕೇಳಿ ಸುಮ್ಮನಾದರೆ ಸಾಲದು. ತುಳುನಾಡಿನ ಮನೆಗಳಲ್ಲಿ ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ಸತ್ತವರ ಆತ್ಮಗಳಿಗೆ, ಬಡಿಸುವ ಪದ್ಧತಿಯ ಹಿಂದೆಯೂ ಇಂಥದೇ ನಂಬಿಕೆ ಇದೆ: ಸತ್ತವರಿಗೆ ಬದುಕಿರುವವರ ಮೇಲೆ ಹಕ್ಕು ಉಳಿದಿರುತ್ತದೆ. ಕೊಲೆ ಮಾಡಿ ಜೈಲು ಸೇರಿದವನಿಗೆ ಈ ವಿಚಾರ ಕಠೋರವೂ ಹೌದು, ಆಸರೆಯೂ ಹೌದು. ಸತ್ತವರೊಂದಿಗಿನ ನಂಟು ಮುಗಿದಿಲ್ಲವೆಂದರೆ ಅವರಿಗಾಗಿ ಮಾಡಬೇಕಾದದ್ದೂ ಉಳಿದಿದೆ ಎಂದಾಯಿತು.

ಕೋಟಿ ಚೆನ್ನಯರ ಪಾಡ್ದನದಲ್ಲಿ ಸೆರೆಯ ಕಥೆಯೇ ಇದೆ. ಪುತ್ತೂರು ಬಳಿಯ ಪಡುಮಲೆಯಲ್ಲಿ ದೇಯಿ ಬೈದೆತಿಯ ಮಕ್ಕಳಾಗಿ ಹುಟ್ಟಿದ ಈ ಅವಳಿ ಸಹೋದರರು ತಮ್ಮ ಮೇಲೆ ದಬ್ಬಾಳಿಕೆ ನಡೆಸಿದ ಬುದ್ಯಂತನನ್ನು ಕೊಂದು ಊರು ಬಿಟ್ಟು ಪಂಜಕ್ಕೆ ಬರುತ್ತಾರೆ. ಅಲ್ಲಿ ಅವರನ್ನು ಮೋಸದಿಂದ ಸೆರೆಯಲ್ಲಿಡಲಾಗುತ್ತದೆ. ತುಳುನಾಡಿನ ದೈವ ಬೆರ್ಮರನ್ನು ನೆನೆದು ಅವರು ಹೊರಬಂದು ಎಣ್ಮೂರು ಸೇರುತ್ತಾರೆ, ಆ ಸೀಮೆಗಾಗಿ ಕಾದಾಡಿ ಮಡಿಯುತ್ತಾರೆ. ಪಾಡ್ದನ ಅವರನ್ನು ಅಪರಾಧಿಗಳೆಂದು ಕಾಣುವುದಿಲ್ಲ. ದಬ್ಬಾಳಿಕೆಗೆ ಎದುರುನಿಂತವರೆಂದು ಹಾಡುತ್ತದೆ. ಆದುದರಿಂದ ಪಶ್ಚಾತ್ತಾಪದ ಮಾದರಿಯನ್ನು ಅಲ್ಲಿ ಹುಡುಕುವುದು ಸರಿಯಲ್ಲ. ಆದರೆ ಒಂದು ಕೊಲೆಯಾಗಲಿ ಒಂದು ಸೆರೆವಾಸವಾಗಲಿ ಮನುಷ್ಯನ ಕಥೆಯ ಕೊನೆಯಲ್ಲ, ಮುಂದೆ ಯಾರಿಗಾಗಿ ಬಾಳಿದ ಎಂಬುದೂ ಎಣಿಕೆಗೆ ಬರುತ್ತದೆ ಎಂಬ ಅರಿವನ್ನು ಗರಡಿಗಳಲ್ಲಿ ನಡೆಯುವ ಅವರ ಆರಾಧನೆ ಇಂದಿಗೂ ಉಳಿಸಿಕೊಂಡಿದೆ.

ಜೈನ ಪರಂಪರೆಯಲ್ಲಿ ಶಿವಕೋಟ್ಯಾಚಾರ್ಯರ ‘ವಡ್ಡಾರಾಧನೆ’ ವಿದ್ಯುಚ್ಚೋರನೆಂಬ ಕಳ್ಳ ಋಷಿಯಾದ ಕಥೆಯನ್ನು ಹೇಳುತ್ತದೆ. ಕರ್ಮ ಅಳಿಸಿಹೋಗುವುದಿಲ್ಲ, ಆದರೆ ತಪಸ್ಸಿನಿಂದ ಅದನ್ನು ಸವೆಸಬಹುದು ಎಂಬುದು ಜೈನ ನಿಲುವು. ಅನೇಕರನ್ನು ಕೊಂದ ಅಂಗುಲಿಮಾಲನ ಬೌದ್ಧ ಕಥೆ ಇದಕ್ಕೆ ಹತ್ತಿರದ್ದು. ಭಿಕ್ಷುವಾದ ಮೇಲೂ ಜನ ಅವನ ಮೇಲೆ ಕಲ್ಲೆಸೆಯುತ್ತಾರೆ. ಅದನ್ನು ತನ್ನ ಕರ್ಮದ ಫಲವೆಂದು ಅವನು ಸಹಿಸಿಕೊಳ್ಳಬೇಕಾಗುತ್ತದೆ. ಬದಲಾವಣೆ ನಿಜವಾದರೂ ಸಮಾಜದ ನೋವು ಕೂಡಲೇ ಆರುವುದಿಲ್ಲವೆಂಬ ಎಚ್ಚರ ಆ ಕಥೆಯಲ್ಲಿದೆ.

ಈ ಸೀಮೆಯ ಮುಸ್ಲಿಮರ ಮತ್ತು ಕ್ರೈಸ್ತರ ಧರ್ಮಗಳೂ ಇದೇ ಗಂಟನ್ನು ಬಿಡಿಸಿವೆ. ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ ಎಂಬುದು ಕುರಾನಿನ ಬೋಧನೆ. ಜೊತೆಗೇ ಇಸ್ಲಾಮಿನ ಧರ್ಮಶಾಸ್ತ್ರ ಅಲ್ಲಾಹನ ಹಕ್ಕು ಮತ್ತು ಮನುಷ್ಯರ ಹಕ್ಕು ಎಂದು ಎರಡನ್ನು ಬೇರೆ ಮಾಡುತ್ತದೆ. ಇನ್ನೊಬ್ಬರಿಗೆ ಮಾಡಿದ ಅನ್ಯಾಯಕ್ಕೆ ತೌಬಾ (ಪಶ್ಚಾತ್ತಾಪ) ಒಂದೇ ಸಾಲದು. ಅನ್ಯಾಯಕ್ಕೊಳಗಾದವರಿಗೆ ಸಲ್ಲಬೇಕಾದದ್ದನ್ನೂ ಸಲ್ಲಿಸಬೇಕು. ಕೊಲೆಯಲ್ಲಿ ಕ್ಷಮಿಸುವ ಹಕ್ಕನ್ನು ಸತ್ತವರ ಹತ್ತಿರದ ಬಂಧುಗಳಿಗೆ ಅದು ಕೊಡುತ್ತದೆ. ಯೂಸುಫ್ ಪ್ರವಾದಿ ಸೆರೆಯಲ್ಲಿದ್ದಾಗಲೇ ಜೊತೆಯ ಕೈದಿಗಳಿಗೆ ಧರ್ಮ ಬೋಧಿಸಿದ್ದೂ ಕುರಾನಿನಲ್ಲಿದೆ. ಕೆಥೊಲಿಕ್ ಕ್ರೈಸ್ತರ ಪಾಪನಿವೇದನೆಯಲ್ಲಿ ಪಶ್ಚಾತ್ತಾಪ, ಬಾಯಿಬಿಟ್ಟು ಒಪ್ಪಿಕೊಳ್ಳುವುದು ಮತ್ತು ಪ್ರಾಯಶ್ಚಿತ್ತದ ಕಾರ್ಯ ಮೂರೂ ಸೇರಿವೆ. ಲೂಕನ ಸುವಾರ್ತೆಯಲ್ಲಿ ಯೇಸುವಿನ ಪಕ್ಕ ಶಿಲುಬೆಗೇರಿದ ಅಪರಾಧಿ ತನಗಾದ ಶಿಕ್ಷೆ ನ್ಯಾಯವೆಂದು ಮೊದಲು ಒಪ್ಪಿಕೊಳ್ಳುತ್ತಾನೆ. ಆಮೇಲೆ ಅವನಿಗೆ ಸ್ವರ್ಗದ ಮಾತು ಸಿಗುತ್ತದೆ.

ದೇವರು, ಕರ್ಮ, ಪರಲೋಕದ ಕಲ್ಪನೆಯಲ್ಲಿ ಈ ಧರ್ಮಗಳು ಒಂದಕ್ಕೊಂದು ದೂರ. ಆದರೂ ಯಾವ ಘೋರ ಅಪರಾಧಿಗೂ ದಾರಿ ಮುಚ್ಚಿಲ್ಲ ಎಂಬುದರಲ್ಲಿ ಅವು ಒಂದಾಗುತ್ತವೆ. ಆ ದಾರಿಯ ಮೊದಲ ಹೆಜ್ಜೆ ತಪ್ಪಿನ ಒಪ್ಪಿಗೆ, ಎರಡನೆಯದು ನೊಂದವರ ಕಡೆಗಿನ ಕರ್ತವ್ಯ. ದೇವರನ್ನು ನಂಬದ ಕೈದಿಗೂ ಈ ಕ್ರಮ ಅರ್ಥವಾಗುವಂಥದ್ದು.

ಜೈಲಿನೊಳಗಿನ ದಾರಿಗಳು

ಮೈಸೂರಿನ ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಕರ್ನಾಟಕದ ಜೈಲುಗಳಲ್ಲಿ ಕೈದಿಗಳಿಂದ ನಾಟಕ ಮಾಡಿಸಿದ ಕೆಲಸ ಒಳಗಿನ ಬದಲಾವಣೆಗೆ ಒಳ್ಳೆಯ ಉದಾಹರಣೆ. ಜೀವಾವಧಿ ಕೈದಿಗಳು ಬಣ್ಣ ಹಚ್ಚಿ ರಂಗದ ಮೇಲೆ ಬಂದರು. ಜೈಲಿನ ಹೊರಗಿನ ವೇದಿಕೆಗಳಲ್ಲೂ ಆಡಿದರು. ಅವರಾಡಿದ ನಾಟಕಗಳಲ್ಲಿ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ವೂ ಒಂದು. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನಿಂದ ರೂಪುಗೊಂಡ ಈ ನಾಟಕದ ವಸ್ತುವೇ ಕೊಲೆ ಮತ್ತು ಕೊಲೆಗಾರನ ಮನಸ್ಸನ್ನು ಬಿಡದೆ ಕಾಡುವ ಭೀತಿ. ಕೋರ್ಟಿನಲ್ಲಿ ಬಚಾವಾಗಲು ಬೇಕಾದ ಮಾತನ್ನಷ್ಟೇ ಆಡಲು ಕಲಿತವರು ಇಲ್ಲಿ ಕೊಲೆಗಾರನ ಪಾತ್ರದ ಒಳಗಿಂದ ಮಾತಾಡಬೇಕು, ಕೊಲೆಯಾದವನ ಪಾತ್ರವನ್ನೂ ವಹಿಸಬೇಕು. ನಡೆದದ್ದನ್ನು ನೇರವಾಗಿ ನೋಡಲು ಧೈರ್ಯವಿಲ್ಲದ ಮನಸ್ಸಿಗೆ ಪಾತ್ರ ಒಂದು ದಾರಿ ಮಾಡಿಕೊಡುತ್ತದೆ.

ಮೌನ ಮತ್ತು ಧ್ಯಾನ ಇನ್ನೊಂದು ದಾರಿ. 1994ರಲ್ಲಿ ದೆಹಲಿಯ ತಿಹಾರ್ ಜೈಲಿನಲ್ಲಿ ಸುಮಾರು ಸಾವಿರ ಕೈದಿಗಳು ಒಟ್ಟಿಗೆ ವಿಪಶ್ಯನ ಶಿಬಿರದಲ್ಲಿ ಕುಳಿತರು. ಓದು ಮತ್ತೊಂದು: ಮುಕ್ತ ವಿಶ್ವವಿದ್ಯಾಲಯಗಳ ಮೂಲಕ ಜೈಲಿನಲ್ಲೇ ಪದವಿ ಪಡೆಯಬಹುದು. ಅಕ್ಷರ ಬಲ್ಲ ಕೈದಿ ಅಕ್ಷರ ಬಾರದವನಿಗೆ ಕಲಿಸುವುದು, ಹೊಸದಾಗಿ ಬಂದು ಕಂಗಾಲಾದ ಹುಡುಗನಿಗೆ ಹಿರಿಯ ಕೈದಿ ಧೈರ್ಯ ಹೇಳುವುದು, ಕಾಯಿಲೆಯವರನ್ನು ನೋಡಿಕೊಳ್ಳುವುದು ಇವಕ್ಕೆ ಸರಕಾರದ ಯೋಜನೆಯ ಅಗತ್ಯವಿಲ್ಲ. ಬಿಡುಗಡೆಯೇ ಇಲ್ಲದ ಕೈದಿಗೂ ಇವು ಎಟಕುತ್ತವೆ. ಎರಡನೆಯ ಬಗೆಯ ಭರವಸೆ ದಿನನಿತ್ಯದಲ್ಲಿ ಕಾಣಿಸಿಕೊಳ್ಳುವುದು ಇಂಥ ಕೆಲಸಗಳಲ್ಲಿ.

ದುಡಿಮೆಗೂ ಇಲ್ಲಿ ದೊಡ್ಡ ಸ್ಥಾನವಿದೆ. ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ತಾಲೂಕಿನ ಕೊರಮಂಗಲದಲ್ಲಿ ಕರ್ನಾಟಕದ ಬಯಲು ಬಂದೀಖಾನೆ ಇದೆ. ಸುಳ್ಯಕ್ಕೆ ಹೊಂದಿಕೊಂಡಿರುವ ಕಾಸರಗೋಡು ಜಿಲ್ಲೆಯ ಚೀಮೇನಿಯಲ್ಲಿ ಕೇರಳದ ಬಯಲು ಜೈಲು ಇದೆ. ಇಂಥ ಕಡೆ ನಂಬಿಕೆಗೆ ಅರ್ಹರಾದ ಕೈದಿಗಳು ಬೇಸಾಯ ಮಾಡುತ್ತಾರೆ. ಅಡಕೆ, ತೆಂಗು, ರಬ್ಬರ್ ತೋಟಗಳಲ್ಲಿ ಬೆಳೆದ ಈ ಸೀಮೆಯವರಿಗೆ ಮಣ್ಣಿನ ಕೆಲಸ ಪರಿಚಿತ. ಕಾವಲು ಕಡಿಮೆಯಿದ್ದರೂ ಓಡಿಹೋಗದೆ ಉಳಿಯುವ ಪ್ರತಿದಿನವೂ ಕೈದಿ ತನ್ನ ಮಾತನ್ನು ತಾನೇ ಉಳಿಸಿಕೊಂಡಂತೆ.

ನೊಂದವರ ಹಕ್ಕು

ಕೈದಿಯ ಭರವಸೆಯ ಮಾತು ಬಂದಾಗ ಕೊಲೆಯಾದವರ ಮನೆಯವರು ಕೇಳುವ ಪ್ರಶ್ನೆ ನ್ಯಾಯವಾದದ್ದು: ಸತ್ತವರಿಗೆ ಯಾವ ಭರವಸೆ ಉಳಿಯಿತು? ಈ ಪ್ರಶ್ನೆಯನ್ನು ಬದಿಗೆ ಸರಿಸಿದ ಸುಧಾರಣೆಯ ಮಾತು ಟೊಳ್ಳು. ಗುಜರಾತ್ ಸರಕಾರ 2022ರ ಆಗಸ್ಟ್ 15ರಂದು ಅತ್ಯಾಚಾರ ಮತ್ತು ಕೊಲೆಗಳ ಬಿಲ್ಕಿಸ್ ಬಾನು ಪ್ರಕರಣದ 11 ಅಪರಾಧಿಗಳನ್ನು ಬಿಡುಗಡೆ ಮಾಡಿತು. ಅವರನ್ನು ಬಿಡುಗಡೆ ಮಾಡುವ ಅಧಿಕಾರ ಆ ಸರಕಾರಕ್ಕೆ ಇರಲಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಜನವರಿ 8ರಂದು ಆ ಆದೇಶವನ್ನು ರದ್ದುಪಡಿಸಿತು. ನೊಂದವರನ್ನು ಮರೆತು ಕೊಟ್ಟ ಬಿಡುಗಡೆ ಅವರ ಗಾಯವನ್ನು ಮತ್ತೆ ತೆರೆಯುತ್ತದೆ ಎಂಬುದು ಆ ಪ್ರಕರಣದಿಂದ ದೇಶಕ್ಕೆ ಸ್ಪಷ್ಟವಾಯಿತು. ಸಂತ್ರಸ್ತರಿಗೆ ಪರಿಹಾರ ಕೊಡುವ ಯೋಜನೆಗೆ ಕಾನೂನಿನಲ್ಲಿ ಅವಕಾಶವಿದೆ. ಅದು ದಾನವೆಂಬ ಭಾವನೆ ಬರದಂತೆ, ತಡವಾಗದೆ, ಮನೆಬಾಗಿಲಿಗೆ ತಲುಪಬೇಕು.

ಕ್ಷಮೆಯನ್ನು ಯಾರೂ ಬಲವಂತವಾಗಿ ಪಡೆಯಲಾರರು. ಮಗನನ್ನು ಕಳೆದುಕೊಂಡ ತಾಯಿ ಕ್ಷಮಿಸದಿದ್ದರೆ ಅದು ಅವಳ ದೋಷವಲ್ಲ. ಕ್ಷಮೆ ಸಿಗಲೇಬೇಕು ಎಂಬ ನಿರೀಕ್ಷೆಯಿಲ್ಲದೆ ತನ್ನ ಕರ್ತವ್ಯ ಮಾಡುವುದೇ ನಿಜವಾದ ಪಶ್ಚಾತ್ತಾಪದ ಗುರುತು. ಸನ್ನಡತೆಯ ದಾಖಲೆಗಾಗಿ ತೋರಿಸುವ ಪಶ್ಚಾತ್ತಾಪಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯುವುದು ವರ್ಷಗಳ ನಡತೆಯಿಂದ.

ಊರಿಗೆ ಮರಳುವುದು

ಪೆರೋಲ್ ಮೇಲೆ ಕೆಲವು ದಿನ ಊರಿಗೆ ಬರುವುದು ಹೊರಗಿನ ಬದುಕಿನ ಮೊದಲ ಪರೀಕ್ಷೆ. ಮನೆಯವರ ಕಾಯಿಲೆ, ಸಾವು, ಮದುವೆ, ಬೇಸಾಯದ ಕೆಲಸ ಇವಕ್ಕಾಗಿ ಅದನ್ನು ಕೊಡುವುದುಂಟು. ಈ ಸೀಮೆಯ ಹಳ್ಳಿಗಳಲ್ಲಿ ಕೊಂದವರ ಮನೆಯೂ ಸತ್ತವರ ಮನೆಯೂ ಅನೇಕ ಬಾರಿ ಒಂದೇ ಗ್ರಾಮದಲ್ಲಿರುತ್ತವೆ. ಹಾಲಿನ ಸೊಸೈಟಿ, ನ್ಯಾಯಬೆಲೆ ಅಂಗಡಿ, ದೈವದ ನೇಮ, ಮಕ್ಕಳ ಶಾಲೆ ಎಲ್ಲವೂ ಇಬ್ಬರಿಗೂ ಒಂದೇ. ನಗರದಲ್ಲಿ ಜನರ ನಡುವೆ ಕರಗಿಹೋಗಬಹುದು; ಇಲ್ಲಿ ಅದು ಸಾಧ್ಯವಿಲ್ಲ. ಆದುದರಿಂದ ಮರಳುವ ಮೊದಲೇ ಹಿರಿಯರು, ಧಾರ್ಮಿಕ ಮುಖಂಡರು, ಪಂಚಾಯತ್ ಸದಸ್ಯರು ಎರಡೂ ಮನೆಯವರೊಂದಿಗೆ ಮಾತಾಡಿ, ಸತ್ತವರ ಕಡೆಯವರ ಭಯ ಮತ್ತು ಸಿಟ್ಟಿಗೆ ಮೊದಲ ಮನ್ನಣೆ ಕೊಡುವುದು ಅಗತ್ಯ. ಕೈದಿಯ ಮಕ್ಕಳನ್ನು ಅಪ್ಪನ ಅಪರಾಧದ ಹೆಸರಿನಿಂದ ಕರೆಯದಿರುವುದೂ ಊರಿನ ಹೊಣೆ. ಆ ಮಕ್ಕಳು ಯಾವ ಶಿಕ್ಷೆಗೂ ಅರ್ಹರಲ್ಲ.

ಹೀಗೆ ಜೀವಾವಧಿ ಕೈದಿಯ ಭರವಸೆಯಲ್ಲಿ ಹಲವರ ಪಾಲಿದೆ. ಕಾನೂನು ನಿಯಮಬದ್ಧವಾದ, ನೊಂದವರ ಮಾತನ್ನೂ ಕೇಳುವ ಪುನರ್ವಿಮರ್ಶೆಯ ಬಾಗಿಲನ್ನು ತೆರೆದಿಡಬೇಕು. ಜೈಲು ಓದು, ದುಡಿಮೆ, ಕಲೆಗೆ ಎಡೆ ಕೊಡಬೇಕು. ಮನೆಯವರ ಭೇಟಿ ನಿಲ್ಲದಂತೆ ಸರಕಾರ ಮತ್ತು ಸಮಾಜ ನೆರವಾಗಬೇಕು. ಇವೆಲ್ಲ ಇದ್ದರೂ ಕೈದಿಯೇ ಇಡಬೇಕಾದ ಹೆಜ್ಜೆ ಒಂದು ಉಳಿಯುತ್ತದೆ. ತಾನು ಮಾಡಿದ್ದನ್ನು ಒಪ್ಪಿಕೊಂಡು, ತೀರದ ಋಣವನ್ನು ಉಳಿದ ಆಯುಷ್ಯದ ಕೆಲಸದಿಂದ ಸಲ್ಲಿಸುತ್ತ ಹೋಗುವವರಿಗೆ ಜೈಲಿನ ಒಳಗೂ ಹೊರಗೂ ಬದುಕಿಗೆ ಅರ್ಥವಿದೆ. ಬಿಡುಗಡೆ ಬಂದರೆ ಅದೇ ಕೆಲಸ ಊರಿನಲ್ಲಿ ಮುಂದುವರಿಯುತ್ತದೆ. ಬಾರದಿದ್ದರೂ ಆ ಕೆಲಸವನ್ನು ಅವರಿಂದ ಯಾರೂ ಕಸಿಯಲಾರರು.